ಒಂದು ಹಲ್ಲಿನ ಓರೆ

"ಎಂತದು ಮಾರಾಯ್ತಿ, ಸ್ಟೇರಿಂಗ್ ಓರೆ ಹಿಡ್ಕಂಡು ಹೊಡೀತಿದ್ದೀಯಲ್ಲ?"

ಅಪ್ಪಯ್ಯ ಹೀಗೆ ಕೇಳಿದ್ದು 2006ರ ಸೆಪ್ಟೆಂಬರಿನಲ್ಲಿ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೊರಟಿದ್ದೆ. ಊರು ದಾಟಿ ಇನ್ನೂ ಹತ್ತು ಕಿಲೋಮೀಟರ್ ಆಗಿರಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಅವರು ಎಡಗಡೆಯ ಸೀಟಿನಲ್ಲಿ ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿ ಕೂತಿದ್ದರು. ಬೇರೆಯವರು ಗಾಡಿ ಹೊಡೆಯುವಾಗ ಅವರು ಕೂರುತ್ತಿದ್ದದ್ದೇ ಹಾಗೆ, ಮಾತಿಲ್ಲದೆ, ರಸ್ತೆ ನೋಡುತ್ತ.

ಓರೆ ಇದ್ದದ್ದು ನಿಜ. ಗಾಡಿ ನೆಟ್ಟಗೆ ಹೋಗುವಾಗಲೂ ಸ್ಟೇರಿಂಗಿನ ನಡುವಿನ ಅಡ್ಡಪಟ್ಟಿ ಎಡಕ್ಕೆ ವಾಲಿ ನಿಲ್ಲುತ್ತಿತ್ತು. ಹತ್ತು ದಿನಗಳ ಹಿಂದೆ ಹಾಗಾಗಿತ್ತು. ಮೊದಲೆರಡು ದಿನ ಕಣ್ಣಿಗೆ ಚುಚ್ಚುತ್ತಿತ್ತು, ಆಮೇಲೆ ನನ್ನ ಕೈ ಆ ಓರೆಗೇ ಒಗ್ಗಿಕೊಂಡು ಅದನ್ನೇ ನೇರ ಅಂದುಕೊಂಡಿತ್ತು. ಅಪ್ಪಯ್ಯ ಹೇಳಿದ ಮೇಲೆ ನೋಡುತ್ತೇನೆ, ನನ್ನ ಎಡಗೈ ಬಲಗೈಗಿಂತ ನಾಲ್ಕು ಬೆರಳು ಕೆಳಗಿತ್ತು.

ಗಾಡಿ 1997ರ ಮಾಡೆಲ್ಲಿನ ಮಾರುತಿ 800. 2004ರಲ್ಲಿ ಎರಡನೇ ಕೈಯಿಂದ ಕೊಂಡದ್ದು. ನಮ್ಮ ಕಡೆಯ ಮೇಷ್ಟ್ರುಗಳು, ಅಡಿಕೆ ತೋಟದ ಸಣ್ಣ ಹಿಡುವಳಿದಾರರು ಸ್ಕೂಟರಿನಿಂದ ನಾಲ್ಕು ಚಕ್ರಕ್ಕೆ ಏರಿದ್ದು ಈ ಕಾರಿನಲ್ಲೇ. ಪವರ್ ಸ್ಟೇರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ. ರಸ್ತೆಯಲ್ಲಿ ಒಂದು ಕಲ್ಲು ಸಿಕ್ಕರೂ ಅಂಗೈಗೆ ತಿಳಿಯುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಆ ಕಾರು ಬಹಳ ಇಷ್ಟವಾಗಿತ್ತು. ಅದರಲ್ಲಿ ಯಾವುದೂ ಮುಚ್ಚಿಟ್ಟ ಹಾಗಿರಲಿಲ್ಲ. ಬಾನೆಟ್ ಎತ್ತಿದರೆ ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಕಣ್ಣಲ್ಲೇ ಹುಡುಕಿಕೊಂಡು ಹೋಗಬಹುದಿತ್ತು.

ಆ ವರ್ಷದ ಮಳೆಗಾಲದಲ್ಲಿ ಹಾರ್ನ್ ಕೈಕೊಟ್ಟಿತು. ಒಮ್ಮೆ ಒತ್ತಿದರೆ ಕೂಗುತ್ತದೆ, ಇನ್ನೊಮ್ಮೆ ಇಲ್ಲ. ಮಲೆನಾಡಿನ ಮಳೆಗೆ ಬಾಗಿಲು ಉಬ್ಬುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಹಿತ್ತಾಳೆ ಹಸಿರುಗಟ್ಟುತ್ತದೆ. ಹಾರ್ನಿನ ಬಿಲ್ಲೆಯ ಹಿಂದಿರುವುದೂ ಹಿತ್ತಾಳೆಯೇ. ಬಯಲುಸೀಮೆಯಲ್ಲಾದರೆ ಹಾರ್ನ್ ಇಲ್ಲದೆ ನಾಲ್ಕು ದಿನ ದೂಡಬಹುದೇನೋ. ಆಗುಂಬೆ ಘಾಟಿ ಇಳಿದು ಹತ್ತುವ ನಮಗೆ ಆ ಮಾತಿಲ್ಲ. ಅಲ್ಲಿ ಹೇರ್‌ಪಿನ್ ತಿರುವುಗಳು ಹದಿನಾಲ್ಕು, ಕೆಳಗೆ ಸೋಮೇಶ್ವರ. ಮಂಜು ಕವಿದ ದಿನ ಎದುರಿಗೆ ಬರುವ ಗಾಡಿ ಕಣ್ಣಿಗೆ ಬೀಳುವುದಕ್ಕೆ ಮೊದಲು ಕಿವಿಗೆ ಬೀಳಬೇಕು. ಅಪ್ಪಯ್ಯನ ಲೆಕ್ಕದಲ್ಲಿ ಬ್ರೇಕಿಗೂ ಹಾರ್ನಿಗೂ ಒಂದೇ ಸಮನಾದ ಮರ್ಯಾದೆ. ಹಾಗಾಗಿ ಒಂದು ಗ್ಯಾರೇಜಿಗೆ ಬಿಟ್ಟೆ. ಹಾರ್ನಿನ ಕನೆಕ್ಷನ್ನು, ಇಂಡಿಕೇಟರ್, ವೈಪರ್ ಎಲ್ಲ ಸೇರುವ ಕಾಂಬಿನೇಷನ್ ಸ್ವಿಚ್ ಬದಲಾಯಿಸಿದರು. ಅದನ್ನು ಕೂರಿಸಬೇಕಾದರೆ ಸ್ಟೇರಿಂಗ್ ಬಿಚ್ಚಲೇಬೇಕು. ಬಿಚ್ಚಿ ತಿರುಗಿ ಹಾಕಿದ ದಿನದಿಂದ ಹಾರ್ನ್ ಸರಿಹೋಯಿತು, ಸ್ಟೇರಿಂಗ್ ಓರೆಯಾಯಿತು. ಕೇಳಿದ್ದಕ್ಕೆ "ಹೊಡೀತಾ ಹೊಡೀತಾ ಅಭ್ಯಾಸ ಆಗ್ತದೆ ಮೇಡಂ" ಅಂದರು. ಅಭ್ಯಾಸ ಆಗಿಯೂ ಬಿಟ್ಟಿತ್ತು. ಆ ಮಾತು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಮಂಡಗದ್ದೆ ದಾಟಿದ ಮೇಲೆ ಒಂದು ನೇರ ತುಂಡು ರಸ್ತೆ ಸಿಕ್ಕಿತು. ಹಿಂದೆ ಮುಂದೆ ಗಾಡಿ ಇರಲಿಲ್ಲ. "ನಿಧಾನ ಮಾಡು. ಬಿಗಿ ಬಿಡು, ಎರಡೇ ಬೆರಳಲ್ಲಿ ಹಿಡ್ಕ" ಅಂದರು. ಹಿಡಿದೆ. ಗಾಡಿ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. "ಗಾಡಿ ಸೀದಾ ಉಂಟು. ಚಕ್ರ ಸೀದಾ ಉಂಟು. ಕೈಯಲ್ಲಿ ಹಿಡಿಯೋದು ಮಾತ್ರ ಓರೆ" ಅಂದರು. ಡಾಕ್ಟರನ್ನು ನೋಡಿ ತಿರುಗಿ ಬರುವವರೆಗೂ ಆ ವಿಷಯ ಮತ್ತೆ ಎತ್ತಲಿಲ್ಲ. ಅಂಗಳದಲ್ಲಿ ಕಾರಿನಿಂದ ಇಳಿಯುವಾಗ ಕೇಳಿದರು: "ಮನೇಲಿ ಸೀಮೆಸುಣ್ಣ ಉಂಟಾ?"

ಮೇಷ್ಟರ ಮನೆ, ಸೀಮೆಸುಣ್ಣಕ್ಕೆ ಬರವಿಲ್ಲ. ಗಾಡಿ ನೆಟ್ಟಗೆ ಬಂದು ನಿಂತ ಹಾಗೇ ಸ್ಟೇರಿಂಗಿನ ನೆತ್ತಿಗೆ ಒಂದು ಗೀಟು ಎಳೆಸಿದರು. ಅಲ್ಲಿಂದ ಎಡಕ್ಕೆ ಫುಲ್ ಕಟ್ ಹೊಡೆಸಿ ಎಷ್ಟು ಸುತ್ತು ಎಂದು ಎಣಿಸಿದರು. ಮತ್ತೆ ನೇರಕ್ಕೆ ತಂದು ಬಲಕ್ಕೆ ಹೊಡೆಸಿ ಎಣಿಸಿದರು. ಮಳೆ ನೀರಿಗೆ ಪಾಚಿ ಕಟ್ಟಿದ ಅಂಗಳ, ನಿಂತಲ್ಲೇ ತಿರುಗಿಸುವುದು ಕಷ್ಟವಾಗಲಿಲ್ಲ. ಎರಡೂ ಕಡೆ ಒಂದೇ ಸಮ ಬಂತು.

ಇದರ ಅರ್ಥ ನನಗೆ ತಿಳಿದದ್ದು ಅಂದು ರಾತ್ರಿ ಕಾಗದದ ಮೇಲೆ ಚಿತ್ರ ಬರೆದು ನೋಡಿದಾಗ. ಸ್ಟೇರಿಂಗ್ ಓರೆಯಾಗುವುದಕ್ಕೆ ಎರಡು ದಾರಿ. ಒಂದು, ಕೆಳಗೆ ಎರಡು ಚಕ್ರಗಳಿಗೆ ಹೋಗುವ ಟೈ ರಾಡುಗಳ ಉದ್ದ ಹೆಚ್ಚುಕಡಿಮೆಯಾಗಿರುವುದು. ಆಗ ಗಾಡಿ ನೇರ ಹೋಗಬೇಕಾದರೆ ಒಳಗಿನ ಹಲ್ಲಿನ ಪಟ್ಟಿ, ಅಂದರೆ ರ‍್ಯಾಕ್, ನಡುವಿನಿಂದ ಒಂದು ಕಡೆಗೆ ಸರಿದಿರಬೇಕು. ಒಂದು ಕಡೆ ತಿರುವು ಹೆಚ್ಚು ಸಿಗುತ್ತದೆ, ಇನ್ನೊಂದು ಕಡೆ ಕಡಿಮೆ. ಅಂಥ ಗಾಡಿಯಲ್ಲಿ ಮೇಲಿನ ಸ್ಟೇರಿಂಗನ್ನಷ್ಟೇ ಬಿಚ್ಚಿ ನೆಟ್ಟಗೆ ಹಾಕಿದರೆ ರೋಗ ಹಾಗೇ ಉಳಿದು ಲಕ್ಷಣ ಮಾತ್ರ ಮುಚ್ಚಿಹೋಗುತ್ತದೆ. ಎರಡನೆಯದು, ಕೆಳಗೆ ಎಲ್ಲ ಸರಿಯಿದ್ದು ಸ್ಟೇರಿಂಗನ್ನು ಶಾಫ್ಟಿನ ಮೇಲೆ ಕೂರಿಸುವಾಗ ಹಲ್ಲು ತಪ್ಪಿರುವುದು. ಶಾಫ್ಟಿನ ತುದಿಯ ಸುತ್ತ ಸಣ್ಣ ಸಣ್ಣ ಹಲ್ಲುಗಳಿರುತ್ತವೆ, ಸ್ಟೇರಿಂಗಿನ ನಡುವಿನ ತೂತಿನೊಳಗೆ ಅವಕ್ಕೆ ತಕ್ಕ ಗೀರುಗಳು. ಸುತ್ತಲೂ 36 ಹಲ್ಲು ಇದ್ದರೆ ಒಂದೊಂದಕ್ಕೆ 10 ಡಿಗ್ರಿ. ಒಂದು ಹಲ್ಲು ಆಚೀಚೆಯಾದರೆ ಸಾಕು, ಕೈ ಓರೆ. ಏಳನೇ ತರಗತಿಗೆ ಶಾಲೆ ಬಿಟ್ಟ ಅಪ್ಪಯ್ಯ ಒಂದು ಸೀಮೆಸುಣ್ಣದ ಗೀಟಿನಿಂದ ಆ ಎರಡನ್ನೂ ಬೇರೆ ಮಾಡಿ ತೋರಿಸಿದ್ದರು. ನಾನು ಅಷ್ಟು ವರ್ಷ ಮಕ್ಕಳಿಗೆ ಪ್ರಯೋಗ ಮಾಡಿಸಿದ್ದೇನೆ. ಅಷ್ಟು ಚೊಕ್ಕಟವಾದದ್ದು ನೆನಪಿಲ್ಲ.

"ನಾವೇ ಬಿಚ್ಚಿ ಹಾಕನ" ಅಂದೆ. ಅಪ್ಪಯ್ಯ ಒಪ್ಪಲು ಎರಡು ದಿನ ತೆಗೆದುಕೊಂಡರು. ಅವರು ಡ್ರೈವರ್, ಮೆಕ್ಯಾನಿಕ್ ಅಲ್ಲ. ಅವರ ಕಾಲದಲ್ಲಿ ಆ ಗೆರೆ ಬಹಳ ಗಟ್ಟಿಯಾಗಿತ್ತು. ಗಾಡಿಯಲ್ಲಿ ಏನು ತಪ್ಪಿದೆ ಎಂದು ಹೇಳುವುದು ಡ್ರೈವರನ ಕೆಲಸ, ಅದಕ್ಕೆ ಕೈ ಹಾಕುವುದು ಬೇರೆಯವರದು. ಸಾವಿರಾರು ಸಲ ಆ ಘಾಟಿ ಹತ್ತಿ ಇಳಿದವರು ಒಮ್ಮೆಯೂ ಹಾರ್ನಿನ ಬಿಲ್ಲೆಯ ಕೆಳಗೆ ಏನಿದೆ ಎಂದು ನೋಡಿರಲಿಲ್ಲ.

ಮೊದಲನೇ ಭಾನುವಾರ ನಾವು ಅರ್ಧಕ್ಕೇ ನಿಂತೆವು. ಬ್ಯಾಟರಿಯ ನೆಗೆಟಿವ್ ಕಳಚಿದ್ದಾಯಿತು. ಮುಂದಿನ ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿ ಹಿಂದಿನವಕ್ಕೆ ಜಂಬಿಟ್ಟಿಗೆ ಕಲ್ಲು ಒತ್ತು ಕೊಟ್ಟದ್ದಾಯಿತು. ಹಾರ್ನಿನ ಪ್ಯಾಡಿನ ಅಂಚು ಹಿಡಿದು ಎಳೆದರೆ ಕಳಚಿ ಬಂತು. ಒಳಗೆ ಒಂದು ವೈರು, ಒಂದು ನಟ್. ಅಷ್ಟೇ. ಇಡೀ ಗಾಡಿಯ ದಿಕ್ಕು ಒಂದು ನಟ್ಟಿನ ಮೇಲೆ ನಿಂತಿದೆ ಎಂಬುದನ್ನು ನೋಡಿ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಾದರು. ಪಕ್ಕದ ಮನೆಯಿಂದ ತಂದ 17ರ ಬಾಕ್ಸ್ ಸ್ಪ್ಯಾನರ್ ಹಾಕಿದೆ. ಕೀ ತೆಗೆದು ಸ್ಟೇರಿಂಗ್ ಲಾಕ್ ಮಾಡಿಕೊಂಡು ತಿರುಗಿಸಿದರೆ ಸುಲಭ ಅನ್ನಿಸುತ್ತದೆ. ಹಾಗೆ ಮಾಡಬಾರದು, ಲಾಕಿನ ಒಳಗಿನ ಸಣ್ಣ ಪಿನ್ನಿಗೆ ಆ ಬಲ ತಡೆಯದು. ಅದಕ್ಕೇ ಅಪ್ಪಯ್ಯ ಬಾಗಿಲ ಹೊರಗಿಂದ ಬಗ್ಗಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದರು, ನಾನು ಸ್ಪ್ಯಾನರ್ ಎಳೆದೆ. ಎಪ್ಪತ್ತು ಸಮೀಪಿಸಿದ್ದ ಆ ಕೈಗಳು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಟಕ್ ಅಂತ ನಟ್ ಸಡಿಲವಾಯಿತು.

ಆದರೆ ಸ್ಟೇರಿಂಗ್ ಬರಲಿಲ್ಲ. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಥ್ರೆಡ್ಡಿನ ಮೇಲೇ ಬಿಟ್ಟಿದ್ದೆವು. ಎಳೆಯುವಾಗ ಒಮ್ಮೆಲೇ ಕಿತ್ತು ಬಂದರೆ ಮುಖಕ್ಕೆ ಬಡಿಯುತ್ತದೆ, ಅದಕ್ಕೆ. ಎಡಬಲ ಅಲ್ಲಾಡಿಸಿ ಎಳೆದೆವು, ಮೊಣಕಾಲು ಕೊಟ್ಟು ಎಳೆದೆವು. ಹಲ್ಲುಗಳು ಕಚ್ಚಿ ಕೂತಿದ್ದವು. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಒಂದು ಏಟು ಹಾಕೋಣವೆಂದು ಎದ್ದೆ. ಅಪ್ಪಯ್ಯ ಕೈ ಅಡ್ಡ ಹಿಡಿದರು. "ಶೆಡ್ಡಲ್ಲಿ ಯಾರೂ ಬಡಿದದ್ದು ನಾ ನೋಡ್ಲಿಲ್ಲ. ಅದಕ್ಕೊಂದು ಪುಲ್ಲರ್ ಅಂತ ಇರ್ತಿತ್ತು" ಅಂದರು. ಅವರು ಹೇಳಿದ್ದು ಸರಿ. ಮೇಲಿನಿಂದ ಬಡಿದ ಏಟು ಶಾಫ್ಟಿನಲ್ಲಿ ಹಾಗೇ ಕೆಳಗಿಳಿದು ಬುಷ್‌ಗೂ ಕೀಲಿಗೂ ಪೆಟ್ಟು ಕೊಡುತ್ತದೆ. ಅಪಘಾತವಾದಾಗ ಮಡಚಿಕೊಳ್ಳಲೆಂದೇ ಮಾಡಿದ ಕಾಲಮ್ ಇರುವ ಕಾರುಗಳಲ್ಲಂತೂ ಅದು ಇನ್ನೂ ದೊಡ್ಡ ಅನಾಹುತ.

ನಟ್ ಬಿಗಿದು, ಪ್ಯಾಡ್ ಹಾಕಿ, ಮತ್ತೊಂದು ವಾರ ಓರೆ ಸ್ಟೇರಿಂಗಿನಲ್ಲೇ ಶಾಲೆಗೆ ಹೋದೆ. ಆ ವಾರ ಅಪ್ಪಯ್ಯ ನೋಟ್‌ಬುಕ್ಕಿನ ಹಾಳೆಯನ್ನು ಸ್ಟೇರಿಂಗಿನ ನಡುವಿಗೆ ಒತ್ತಿ ಹಿಡಿದು, ಅಲ್ಲಿದ್ದ ಎರಡು ಥ್ರೆಡ್ ತೂತುಗಳನ್ನೂ ನಟ್ಟನ್ನೂ ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಲೇತ್ ಅಂಗಡಿಗೆ ನಡೆದರು. ಮೂರನೇ ದಿನ ಒಂದು ದಪ್ಪ ಕಬ್ಬಿಣದ ಪಟ್ಟಿ ಬಂತು. ಆಚೀಚೆ ಎರಡು ತೂತು, ಅವಕ್ಕೆ ಎರಡು ಬೋಲ್ಟು. ನಡುವೆ ಥ್ರೆಡ್ ಕೊಯ್ದ ದೊಡ್ಡ ತೂತು, ಅದಕ್ಕೊಂದು ದಪ್ಪ ಬೋಲ್ಟು. ಅಚ್ಚಿಗೂ ಪಟ್ಟಿಗೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಅದು ಈಗಲೂ ನನ್ನ ಬಳಿ ಇದೆ.

ಎರಡನೇ ಭಾನುವಾರ ಮಳೆ ಹೊಳವಾಗಿತ್ತು. ಎಳೆಯುವ ಮೊದಲು ಗುರುತು ಹಾಕಬೇಕೆಂದು ಅಣ್ಣನ ಮಗಳ ಉಗುರುಬಣ್ಣ ತಂದೆ. ಈಗಿರುವ ಜಾಗ ಯಾವುದೆಂದು ಗೊತ್ತಿದ್ದರೆ ಮಾತ್ರ ಅಲ್ಲಿಂದ ಎಷ್ಟು ಹಲ್ಲು ಸರಿಸಬೇಕೆಂದು ಗೊತ್ತಾಗುವುದು. ಬಣ್ಣ ಹಿಡಿಯಲೆಂದು ಶಾಫ್ಟಿನ ತುದಿಯ ಕಪ್ಪು ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಗ್ರೀಸಿನ ಕೆಳಗೆ ಒಂದು ಸಣ್ಣ ಗುಂಡಿ ಕಾಣಿಸಿತು. ಉಳಿ ಮೊನೆಯಿಂದ ಕುಟ್ಟಿದ ಚುಕ್ಕೆ. ಸ್ಟೇರಿಂಗಿನ ಕಬ್ಬಿಣದ ನಡುವನ್ನೂ ಒರೆಸಿದೆ. ಅಲ್ಲೂ ಒಂದು ಚುಕ್ಕೆ. ಎರಡೂ ಎದುರುಬದುರು ಇರಬೇಕಾದದ್ದು, ಸರಿಯಾಗಿ ಒಂದು ಹಲ್ಲಿನಷ್ಟು ದೂರ ನಿಂತಿದ್ದವು.

ನಮಗಿಂತ ಮುಂಚೆ ಯಾರೋ, ಯಾವ ಊರಿನಲ್ಲೋ, ಆ ಸ್ಟೇರಿಂಗನ್ನು ಬಿಚ್ಚುವಾಗ ಮುಂದಿನವರಿಗೆಂದು ಗುರುತು ಮಾಡಿ ಇಟ್ಟಿದ್ದರು. ಆಮೇಲೆ ಬಿಚ್ಚಿದವರು ಗ್ರೀಸ್ ಒರೆಸಿ ನೋಡಲಿಲ್ಲ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಗ್ಗಿ ಆ ಎರಡು ಚುಕ್ಕೆಗಳನ್ನು ಬಹಳ ಹೊತ್ತು ನೋಡಿದರು. "ಇದು ಮಾಡಿದವ ಕೆಲಸದವ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಪಟ್ಟಿಯ ಎರಡು ಬೋಲ್ಟುಗಳನ್ನು ಕೈಯಲ್ಲೇ ಬಿಗಿದು, ನಡುವಿನದನ್ನು ಸ್ಪ್ಯಾನರಿನಿಂದ ಕಾಲು ಕಾಲು ಸುತ್ತು ತಿರುಗಿಸಿದೆ. ಏನೂ ಆಗದ ಹಾಗೆ ಅನ್ನಿಸಿತು. ಆಮೇಲೆ ಒಣಗಿದ ಹಲಸಿನ ಹಲಗೆ ಬಿರುಕು ಬಿಟ್ಟ ಹಾಗೆ ಒಂದು ಸದ್ದು. ಸ್ಟೇರಿಂಗ್ ನಟ್ಟಿಗೆ ಬಂದು ತಾಗಿ ನಿಂತಿತು. ನಟ್ ತೆಗೆದು ಅದನ್ನು ಎತ್ತಿ ಅಪ್ಪಯ್ಯನ ಕೈಗೆ ಕೊಟ್ಟೆ.

ಅವರು ಅದನ್ನು ಜಗುಲಿಗೆ ತೆಗೆದುಕೊಂಡು ಹೋಗಿ ತೊಡೆಯ ಮೇಲಿಟ್ಟುಕೊಂಡು ಕೂತರು. ಅವರ ಗೇಣಿನಲ್ಲಿ ಎರಡು ಗೇಣೂ ಇಲ್ಲದ ಚಕ್ರ. "ಇಷ್ಟೇ ಹಗುರ" ಅಂದರು. ಬಸ್ಸಿನದು ತೋಳು ಪೂರ್ತಿ ಅಗಲಿಸಿ ಹಿಡಿಯುವಂಥದ್ದು. ಪವರ್ ಸ್ಟೇರಿಂಗ್ ಇಲ್ಲದ ಕಾಲ, ಘಾಟಿಯ ಒಂದೊಂದು ತಿರುವಿಗೂ ಸೀಟಿನಿಂದ ಅರ್ಧ ಎದ್ದು ಮೈಭಾರ ಹಾಕಿ ಎಳೆಯಬೇಕಿತ್ತಂತೆ. ನಾನು ಒಳಗೆ ಹಲ್ಲುಗಳನ್ನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಕಾರಿನ ಬಾಗಿಲು ತೆರೆದೇ ಇತ್ತು. ಅಲ್ಲಿಂದಲೇ ಅವರ ಮಾತು ಕೇಳಿಸುತ್ತಿತ್ತು.

"ನೀನು ಮೂರನೇ ಕ್ಲಾಸಲ್ಲಿರುವಾಗ ನಾನು ಎರಡು ತಿಂಗಳು ಮನೇಲಿದ್ದೆ, ನೆನಪುಂಟಾ?"

ನೆನಪಿತ್ತು. 1979ರ ಮಳೆಗಾಲ. ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು ಅವು. ಅಪ್ಪಯ್ಯ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗುತ್ತಿರಲಿಲ್ಲ. ಕೊಡೆ ಹಿಡಿದು ನನ್ನನ್ನು ಶಾಲೆಗೆ ಬಿಡುತ್ತಿದ್ದರು, ಸಂಜೆ ಹಲಸಿನ ಬೀಜ ಸುಟ್ಟು ಕೊಡುತ್ತಿದ್ದರು. ಅದು ರಜೆ ಎಂದೇ ನಾನು ಇಪ್ಪತ್ತೇಳು ವರ್ಷ ನಂಬಿದ್ದೆ.

ರಜೆಯಾಗಿರಲಿಲ್ಲ. ಆಗ ಅವರು ಒಂದು ಖಾಸಗಿ ಬಸ್ಸು ಓಡಿಸುತ್ತಿದ್ದರು, ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿಗೆ. ಸ್ಟೇರಿಂಗಿನಲ್ಲಿ ಪ್ಲೇ ಜಾಸ್ತಿಯಾಗುತ್ತ ಬಂದಿತ್ತು. ಪ್ಲೇ ಎಂದರೆ, ಕೈ ತಿರುಗಿಸಿದರೂ ಚಕ್ರ ತಿರುಗದೆ ಸುಮ್ಮನೆ ಹೋಗುವ ಆ ಖಾಲಿ ಜಾಗ. ಸ್ವಲ್ಪ ಎಲ್ಲ ಹಳೇ ಗಾಡಿಗೂ ಇರುತ್ತದೆ. ಆದರೆ ಹಿಂದಿನ ದಿನ ಒಂದು ಬೆರಳಿನಷ್ಟಿದ್ದದ್ದು ಆ ಬೆಳಿಗ್ಗೆ ಎರಡು ಬೆರಳು ದಾಟಿತ್ತು. ಹೊರಡುವ ಮುಂಚೆ ಹೇಳಿದರು. ಗ್ರೀಸ್ ಹೊಡೆದಿದ್ದೇವೆ, ಹೋಗು ಅಂದರು. ಹೋದರು. ಬಯಲಿನ ರಸ್ತೆಯಲ್ಲಿ ಅದನ್ನು ಸಂಭಾಳಿಸಬಹುದಿತ್ತು. ಆಗುಂಬೆ ಪೇಟೆ ಬಂತು. ಘಾಟಿ ಶುರುವಾಗುವ ಮೊದಲು, ಸುರಿಯುವ ಮಳೆಯಲ್ಲಿ, ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ ಕೀ ಕೈಯಲ್ಲಿ ಹಿಡಿದು ಇಳಿದುಬಿಟ್ಟರು. ಮೂವತ್ತು ಜನ ಪ್ರಯಾಣಿಕರು. ಆಸ್ಪತ್ರೆಗೆ ಹೋಗುವವರಿದ್ದರು, ಮದುವೆಗೆ ಹೋಗುವವರಿದ್ದರು. ಬೈದರು. ಒಬ್ಬರು ಅಂಗಿ ಹಿಡಿದರು. "ಎಂತ ಆಗಿದೆ ಅಂತ ಕೇಳ್ತಾರೆ. ಎಂತ ಆಗಿದೆ ಅಂತ ನನಗೂ ಗೊತ್ತಿಲ್ಲ. ಕೈಗೆ ಸರಿ ಬರ್ತಿಲ್ಲ ಅಂದೆ. ಅದೊಂದೇ ನಾ ಹೇಳಿದ್ದು."

ಮಾಲೀಕರಿಗೆ ಆ ದಿನದ ಕಲೆಕ್ಷನ್ ಹೋಯಿತು. ಅಪ್ಪಯ್ಯನ ಕೆಲಸ ಹೋಯಿತು. ನಾಲ್ಕು ದಿನ ಬಿಟ್ಟು ಕೆಳಗಿನ ಭಾಗ ಬಿಚ್ಚಿದಾಗ ಡ್ರ್ಯಾಗ್ ಲಿಂಕಿನ ತುದಿಯ ಗುಂಡು ಗೂಡಿನಿಂದ ಕಳಚಿ ಬೀಳುವಷ್ಟು ಸವೆದಿದ್ದದ್ದು ಗೊತ್ತಾಯಿತಂತೆ. ಅದು ಕಳಚಿದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಗೊತ್ತಾದ ಮೇಲೂ ಯಾರೂ ಬಂದು ಕರೆಯಲಿಲ್ಲ. ಎರಡು ತಿಂಗಳ ಮೇಲೆ ಬೇರೆ ಬಸ್ಸು ಸಿಕ್ಕಿತು.

"ಅಮ್ಮಂಗೆ ಗೊತ್ತಿತ್ತಾ?"

"ಬಳೆ ಅಡ ಇಟ್ಟದ್ದು ಅವಳೇ ಅಲ್ಲನ" ಅಂದರು.

ನಾನು ಬ್ರಷ್ ಕೆಳಗಿಟ್ಟು ಹೊರಗೆ ಬಂದೆ. ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರು ತೊಡೆಯ ಮೇಲಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಿಲ ಕಡೆ ನೋಡುತ್ತಿದ್ದರು. ಹೆಬ್ಬೆರಳುಗಳು ಮೇಲೆ, ಬೆರಳುಗಳು ಹಗುರಾಗಿ ಸುತ್ತಿಕೊಂಡು, ಎಡಗೈ ಬಲಗೈ ಒಂದೇ ಮಟ್ಟದಲ್ಲಿ.

ತಿರುಗಿ ಹಾಕುವುದು ಬಿಚ್ಚಿದಷ್ಟು ಹೊತ್ತು ಹಿಡಿಯಲಿಲ್ಲ. ಆದರೆ ಒಂದು ಕಡೆ ಗಮನ ಕೊಡಬೇಕು. ನಮ್ಮ ಗಾಡಿಯಲ್ಲಿ ಸ್ಟೇರಿಂಗಿನ ಬೆನ್ನಿಗೆ ಸಣ್ಣ ಮೂಗುಗಳಿದ್ದವು, ಸ್ವಿಚ್ಚಿನ ಕಡೆ ಅವು ಕೂರುವ ಗೂಡುಗಳು. ತಿರುವು ಮುಗಿದು ಸ್ಟೇರಿಂಗ್ ನೇರಕ್ಕೆ ಬರುವಾಗ ಇಂಡಿಕೇಟರ್ ತಾನಾಗಿ ಆರುವುದು ಅವುಗಳಿಂದ. ಹಲ್ಲು ತಪ್ಪಿದ್ದ ಆ ದಿನಗಳಲ್ಲಿ ಬಲದ ಇಂಡಿಕೇಟರ್ ತಿರುವು ಮುಗಿಯುವ ಮೊದಲೇ ಆರುತ್ತಿತ್ತು, ಎಡದ್ದು ಮುಗಿದ ಮೇಲೂ ಮಿನುಗುತ್ತಲೇ ಇರುತ್ತಿತ್ತು. ಹೊಸ ಸ್ವಿಚ್ಚೇ ಕೆಟ್ಟಿರಬೇಕು ಅಂದುಕೊಂಡಿದ್ದೆ. ಅದೂ ಇದೇ ಓರೆಯ ಕೂಸು. ಅದೇ ಬೆನ್ನಿನಲ್ಲಿ ಹಾರ್ನಿನ ಹಿತ್ತಾಳೆ ಬಳೆಯೂ ಇದೆ. ಸ್ಟೇರಿಂಗ್ ಎಷ್ಟು ಸುತ್ತಿದರೂ ಒಂದು ಸ್ಪ್ರಿಂಗಿನ ತುದಿ ಆ ಬಳೆಯನ್ನು ಸವರುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಅಲ್ಲಿಂದ ಅರ್ತ್ ಸಿಕ್ಕಿ ಹಾರ್ನ್ ಕೂಗುತ್ತದೆ. ಅದನ್ನು ನಯವಾದ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿದೆ.

ಚುಕ್ಕೆಗೆ ಚುಕ್ಕೆ ಎದುರಿಟ್ಟು ಸ್ಟೇರಿಂಗ್ ಇಳಿಸಿದೆ, ನಟ್ ಕೈಯಲ್ಲಿ ಹಿಡಿಸಿ ಆಮೇಲೆ ಸ್ಪ್ಯಾನರ್ ಹಾಕಿದೆ. ಇಷ್ಟೇ ಬಿಗಿ ಎಂದು ಅಳೆದು ಹೇಳುವ ಟಾರ್ಕ್ ರೆಂಚ್ ನಮ್ಮಲ್ಲಿರಲಿಲ್ಲ. ಅದಕ್ಕೆ ಬಿಗಿದಾದ ಮೇಲೆ ನಟ್ಟಿನಿಂದ ಶಾಫ್ಟಿಗೆ ಹಾಯುವಂತೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದೆವು. ಐವತ್ತು ಕಿಲೋಮೀಟರ್ ಆದ ಮೇಲೊಮ್ಮೆ, ಇನ್ನೂರು ಆದ ಮೇಲೊಮ್ಮೆ ಪ್ಯಾಡ್ ಕಳಚಿ ನೋಡಿದೆ. ಗೆರೆ ತುಂಡಾಗಿರಲಿಲ್ಲ.

ಇದನ್ನು ಓದಿ ಯಾರಾದರೂ ಇಂದಿನ ಕಾರಿನ ಸ್ಟೇರಿಂಗಿಗೆ ಮನೆಯಲ್ಲಿ ಕೈ ಹಾಕುವುದು ಬೇಡ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲೆಲ್ಲ ಚಾಲಕರ ಏರ್‌ಬ್ಯಾಗ್ ಕಡ್ಡಾಯ. ಅದು ಕೂತಿರುವುದು ಇದೇ ಹಾರ್ನಿನ ಬಿಲ್ಲೆಯ ಕೆಳಗೆ, ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಶಕ್ತಿ ಅದಕ್ಕಿದೆ. ಅದರ ಹಿಂದೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಒಂದು ವೈರಿನ ಪಟ್ಟಿ. ಅದನ್ನು ನಡುಮಟ್ಟಕ್ಕೆ ತಾರದೆ ಕೂರಿಸಿದರೆ ಮೊದಲ ಫುಲ್ ಕಟ್ಟಿಗೇ ಹರಿಯಬಹುದು. ನನ್ನ ಈಗಿನ ಕಾರಿನದನ್ನು ನಾನು ಮುಟ್ಟಿಲ್ಲ. ಬಲ್ಲವರ ಎದುರು ನಿಂತು, ಬಿಚ್ಚುವ ಮೊದಲು ಗುರುತು ಹಾಕಿಸುತ್ತೇನೆ.

ಸ್ಟೇರಿಂಗ್ ಸರಿಮಾಡಿದ ಮುಂದಿನ ಭಾನುವಾರ ಅಪ್ಪಯ್ಯ ತಾವಾಗಿಯೇ ಕೇಳಿದರು, ಘಾಟಿ ಇಳಿದು ಬರುವ ಎಂದು. ಆಗುಂಬೆಯಲ್ಲಿ ಮಂಜಿತ್ತು. ಪೇಟೆ ದಾಟಿದ ಮೇಲೆ ರಸ್ತೆಯ ಬದಿಯ ಒಂದು ಜಾಗಕ್ಕೆ ಬೆರಳು ತೋರಿಸಿ "ಇಲ್ಲೇ" ಅಂದರು. ನಿಲ್ಲಿಸಲಾ ಅಂತ ಕೇಳಿದೆ. ಬೇಡ ಅಂದರು.

ಒಂದೊಂದು ತಿರುವಿಗೂ ಹಾರ್ನ್ ಹೊಡೆದೆ, ಒಂದೂ ತಪ್ಪದೆ ಕೂಗಿತು. ಅಪ್ಪಯ್ಯನ ಕೈಗಳು ಮೊಣಕಾಲ ಮೇಲೇ ಇದ್ದವು. ಆದರೆ ಪ್ರತಿ ತಿರುವಿನಲ್ಲೂ ಬೆರಳುಗಳು ಒಂದಿಷ್ಟು ಬಿಗಿಯಾಗಿ, ನೇರಕ್ಕೆ ಬಂದಾಗ ಸಡಿಲವಾಗುತ್ತಿದ್ದವು. ಹದಿನಾಲ್ಕೂ ಮುಗಿದು ಸೋಮೇಶ್ವರದಲ್ಲಿ ಗಾಡಿ ತಿರುಗಿಸಲೆಂದು ಬಲಕ್ಕೆ ಇಂಡಿಕೇಟರ್ ಹಾಕಿದೆ. ತಿರುಗಿಸಿ ಕೈ ಸಡಿಲ ಬಿಟ್ಟೆ. ಸ್ಟೇರಿಂಗ್ ತಾನಾಗಿ ಜಾರಿ ನೇರಕ್ಕೆ ಬಂತು, ಇಂಡಿಕೇಟರ್ ಟಕ್ ಎಂದು ಆರಿತು. ಅಪ್ಪಯ್ಯ ಆ ಸದ್ದಿಗೇ ಕಾದಿದ್ದವರ ಹಾಗೆ ತಲೆಯಾಡಿಸಿ, "ಇನ್ನು ಹತ್ತು, ಹೋಗುವ" ಅಂದರು.